ಅಬಿದಾ ತಿದ್ದಿದ ಐನೂರ ಎಪ್ಪತ್ತಾರು ಸಾಲು

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಚಹಾ ಕುದಿಯುವ ಹೊತ್ತಿಗೆ ಅಬಿದಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದಿರುತ್ತಾರೆ. ಕಸ ಗುಡಿಸಿ, ಮೂವತ್ತೆರಡು ಕಂಪ್ಯೂಟರ್ ಒರೆಸಿ ಚಾಲೂ ಮಾಡುತ್ತಾರೆ. ಈ ವಾರ ಅದಾದ ಮೇಲೆ ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ಎದುರಿಗೆ ವಿದ್ಯಾರ್ಥಿಗಳ ಅರವತ್ತನಾಲ್ಕು ಲ್ಯಾಬ್ ಪುಸ್ತಕಗಳಿವೆ.

ಅಬಿದಾ ಇಲ್ಲಿ ಅಟೆಂಡರ್. ಬಂದು ಇಪ್ಪತ್ತೊಂದು ವರ್ಷ. ಪ್ರೋಗ್ರಾಂ ಬರೆಯುವ ಸಿ ಭಾಷೆಯ ಈ ಪುಸ್ತಕವನ್ನು ಹಿಂದಿನ ಮೇಷ್ಟ್ರ ಕೈಬರಹ ನೋಡಿ ಟೈಪ್ ಮಾಡಿದವರೂ ಇವರೇ. ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಟೈಪಿಂಗ್: ಅಬಿದಾ’ ಎಂದಿದೆ. ಕಾಲೇಜಿನಲ್ಲಿ ಅವರ ಹೆಸರು ಅಚ್ಚಾಗಿರುವುದು ಅಲ್ಲಿ ಮಾತ್ರ.

ಈ ವಾರದ ಆರಂಭದಲ್ಲಿ ಹೊಸ ಕಂಪೈಲರ್ ಬಂತು. ನಾವು ಬರೆದದ್ದನ್ನು ಕಂಪ್ಯೂಟರಿಗೆ ತಿಳಿಯುವಂತೆ ಮಾಡಿಕೊಡುವ ಪ್ರೋಗ್ರಾಂ ಅದು. ಬಂದ ದಿನವೇ ಪುಸ್ತಕದ ಒಂಬತ್ತು ಪಾಠಗಳಿಗೆ ತಕರಾರು ತೆಗೆಯಿತು. ಪದ ಮುಗಿಯಿತು ಎನ್ನಲು ಸೊನ್ನೆಯ ಗುರುತು ಇರಬೇಕಾದ ಕಡೆಯಲ್ಲೆಲ್ಲ ‘ನಲ್’ ಎಂದಿತ್ತು. ಎಷ್ಟೋ ಮೇಷ್ಟ್ರುಗಳು ಅದೇ ಪುಸ್ತಕ ಕಲಿಸಿದರು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ!

“ನಲ್ ಅಂದ್ರ ಯಾರ ಮನಿದೂ ಅಲ್ಲದ ವಿಳಾಸ್ರಿ. ಅದನ್ನ ಅಕ್ಷರದ ಜಾಗಾದಾಗ ಕುಂಡ್ರಿಸಿದ್ರ ಹೆಂಗ?” ಎನ್ನುತ್ತಾರೆ ಅಬಿದಾ. “ಹಳೇ ಕಂಪೈಲರಿಗೆ ಅದೂ ಬರೇ ಸೊನ್ನಿ. ತಪ್ಪು ಹೊಟ್ಯಾಗ ಹಾಕ್ಕೊಂಡು ನಡಸ್ತಿತ್ತು.”

ಕಪಾಟಿನಿಂದ ಹಳೆಯ ಕೈಬರಹ ತೆಗೆದು ನೋಡಿದರು. ಅದರಲ್ಲಿ ಸರಿಯಾಗಿಯೇ ಇತ್ತು. “ನಲ್ ಅಂತ ಬರದ್ರ ಚಂದ ಕಾಣತೈತಿ ಅಂತ ನಾನ ಬದಲ ಮಾಡಿದ್ದೆ. ಅದು ಗೊತ್ತಾದ ದಿನ ಊಟ ಸೇರಲಿಲ್ರಿ.”

ಬರುವ ಸೋಮವಾರ ಬಸವನ ಬಾಗೇವಾಡಿಯಲ್ಲಿ ಪ್ರಾಯೋಗಿಕ ಪರೀಕ್ಷೆ. ಹುಡುಗರು ತಪ್ಪನ್ನೇ ಬಾಯಿಪಾಠ ಮಾಡಿದ್ದರು. “ಅಬಿದಾಕ್ಕ, ಒಂದು ಸೆಟ್ಟಿಂಗ್ ಬದಲಿಸಿದ್ರ ಈ ಕಂಪೈಲರೂ ಸುಮ್ನಾಗತೈತಿ,” ಎಂದರು ಈಗಿನ ಉಪನ್ಯಾಸಕ ಶ್ರೀಶೈಲ.

“ಇಲ್ಲಿ ಸುಮ್ನಾಗತೈತ್ರಿ ಸರ್. ಬಾಗೇವಾಡಿ ಕಂಪ್ಯೂಟರಿನ್ಯಾಗ?”

ಅಂದೇ ಅಬಿದಾ ತರಗತಿಯ ಮುಂದೆ ನಿಂತು ತಪ್ಪು ತಮ್ಮದೆಂದು ಹೇಳಿದರು. ಅಟೆಂಡರ್ ಹಾಗೆ ಹೇಳಿದ್ದನ್ನು ಆ ಕೋಣೆ ಹಿಂದೆಂದೂ ಕೇಳಿರಲಿಲ್ಲ. ಮರುದಿನದಿಂದ ಪ್ರತಿ ಪುಸ್ತಕದಲ್ಲೂ ಒಂಬತ್ತು ಸಾಲು ತಿದ್ದುತ್ತಿದ್ದಾರೆ, ಒಟ್ಟು ಐನೂರ ಎಪ್ಪತ್ತಾರು. ತಿದ್ದಿದ್ದನ್ನು ಹುಡುಗರಿಂದ ಮತ್ತೆ ಮತ್ತೆ ಟೈಪ್ ಮಾಡಿಸುತ್ತಾರೆ.

ಇಂದು ಶನಿವಾರ, ಕೊನೆಯ ಪುಸ್ತಕ ಮುಗಿಯಿತು. ಹೊಸ ಪ್ರತಿ ಅಚ್ಚು ಮಾಡಿಸುವಾಗ ಅವರ ಹೆಸರು ತೆಗೆಸಲೇ ಎಂದು ಶ್ರೀಶೈಲ ಮೆಲ್ಲಗೆ ಕೇಳುತ್ತಾರೆ. ಅಬಿದಾ ಪೆನ್ನಿನ ಮುಚ್ಚಳ ಹಾಕುತ್ತಾರೆ.

“ಇರ್ಲಿ ಬಿಡ್ರಿ ಸರ್. ತಪ್ಪು ಮಾಡಿದಾಕಿನೂ ನಾನ, ತಿದ್ದಿದಾಕಿನೂ ನಾನ.”