ತೊಂದರೆ ಕೊಡದ ರೋಗಿ

ವಾರ್ಡಿನವರು ಬೆನ್ನ ಹಿಂದೆ ಅವಳನ್ನು ಜಗಳಗಂಟಿ ಸಿಸ್ಟರ್ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ವರ್ಷವೇ ಯಾವುದೋ ಅಜ್ಜಿಯ ಒದ್ದೆ ಹಾಸಿಗೆಗಾಗಿ ಮೇಲಿನವರೊಡನೆ ಕಾದಾಡಿ ಗಳಿಸಿದ ಬಿರುದು ಅದು. ಮನೆಯಲ್ಲಿ ಅತ್ತೆಯೆದುರು ತುಟಿಪಿಟಕ್ಕೆನ್ನದವಳು, ಹೃದ್ರೋಗದ ವಾರ್ಡಿಗೆ ಕಾಲಿಟ್ಟರೆ ಬೇರೆಯೇ ಹೆಂಗಸು.

ಅಂದು ಅವಳ ಮೈ ಉರಿದದ್ದು ಒಂದು ಹೊಗಳಿಕೆಗೆ. ಹೃದಯಾಘಾತದಿಂದ ಪಾರಾದ ಟೈಲರ್ ಮಧ್ಯಾಹ್ನ ಮನೆಗೆ ಹೊರಡುವವನಿದ್ದ. "ಇಂಥ ಪೇಷೆಂಟ್ ಸಿಗೋಕೆ ಪುಣ್ಯ ಮಾಡಿರ್ಬೇಕು. ಬೆಲ್ ಒತ್ತಲ್ಲ, ಬಾಯಿ ಬಿಡಲ್ಲ," ಎಂದಳು ಜೊತೆಯ ನರ್ಸ್.

"ಅದೇ ಕಣೇ ಕಾಯಿಲೆ."

ಉಳಿದವರೆಲ್ಲ ಪ್ರಾಣ ತಿನ್ನುತ್ತಿದ್ದರು: ಮೆಟ್ಟಿಲು ಹತ್ತಬಹುದಾ, ಸ್ಕೂಟರ್ ಓಡಿಸಬಹುದಾ, ಉಪ್ಪು ಬಿಡಲೇಬೇಕಾ. ಈ ಮನುಷ್ಯ ಮತ್ತೆ ಮಷಿನ್ ತುಳಿಯಬಹುದಾ ಎಂದೂ ಕೇಳಿರಲಿಲ್ಲ. ತಟ್ಟೆ ಕೆದಕಿ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಎದೆ ಕೈಕೊಟ್ಟಾಗ ಎದ್ದುಬಿದ್ದು ಓಡಿಬಂದ ಆಸ್ಪತ್ರೆ, ಮನಸ್ಸು ಕುಸಿದಾಗ ಒಳ್ಳೇ ಪೇಷೆಂಟ್ ಎಂದು ಬೆನ್ನು ತಟ್ಟುತ್ತಿತ್ತು.

ಅವಳು ಹೋಗಿ ತಿಳಿಸಿದಾಗ ಡಾಕ್ಟರು ಕೈ ತೊಳೆಯುತ್ತಲೇ ಹೇಳಿದರು: "ಸ್ವಲ್ಪ ಬೇಜಾರು ಇದ್ದೇ ಇರುತ್ತಮ್ಮ. ಮನೆಗೆ ಹೋದ್ರೆ ಸರಿಹೋಗುತ್ತೆ."

"ಸರಿಹೋಗದಿದ್ರೆ ಸಾರ್?"

"ಮನೆಯವರು ಒಪ್ಪಿದ್ರೆ ಮಾನಸಿಕ ತಜ್ಞರನ್ನ ಕರೆಸು."

ಮನೆಯವರು ಆಗಲೇ ಚೀಲ ಕಟ್ಟಿದ್ದರು. ಹೆಂಡತಿಯ ತಮ್ಮ ಹುರುಪಿನಲ್ಲಿದ್ದ. "ಸಾವನ್ನೇ ಯಾಮಾರಿಸಿ ಬಂದಿದೀರ, ಒಂಚೂರು ನಗಿ ಭಾವ. ಅಂಗಡಿ ಚಿಂತೆ ಬಿಡಿ, ಬಾಗಿಲು ಹಾಕಿಸಿಬಿಟ್ಟಿದೀನಿ."

"ಮನಸ್ಸಿನ ಡಾಕ್ಟ್ರು ಯಾಕೆ?" ಎಂದಳು ಹೆಂಡತಿ. "ನಮ್ಮನೆಯವರಿಗೇನು ಹುಚ್ಚಾ?"

"ಹುಚ್ಚಲ್ಲಕ್ಕ. ಎದೆಗೆ ಪೆಟ್ಟು ಬಿದ್ದ ಹಾಗೆ ಮನಸ್ಸಿಗೂ ಬಿದ್ದಿದೆ." ಸಿಸ್ಟರ್ ಮಂಚದಂಚಿಗೆ ಕೂತಳು. "ಅಣ್ಣ, ಬದುಕೋದೇ ಬೇಡ ಅನ್ಸುತ್ತಾ?"

"ಬಾಯಿಗೆ ಬಂದದ್ದೆಲ್ಲ ಕೇಳ್ತೀರಲ್ರೀ," ಭಾವಮೈದುನ ಸಿಡುಕಿದ.

"ನೀವು ಸುಮ್ನಿರಿ. ಅವರ ಮಾತೆಲ್ಲ ನೀವೇ ಆಡಿ ಆಯ್ತಲ್ಲ."

ಟೈಲರ್ ಗೋಡೆ ನೋಡುತ್ತಲೇ ಬಾಯಿ ತೆರೆದ. "ಸಾಯೋಕೆ ಅಂತ ಏನೂ ಮಾಡಲ್ಲ ಸಿಸ್ಟರ್. ಮನೆಗೆ ಹೋಗಿ ಮಾತ್ರೆ ಬಿಟ್ರೆ ಸಾಕಲ್ಲ, ಅದೇ ಆಗುತ್ತೆ. ಅಂಗಡಿನೂ ಮುಚ್ಚಾಯ್ತು. ನಾನಿದ್ದು ಯಾರಿಗೇನು?"

ಭಾವಮೈದುನನ ಮುಖ ಬಿಳಿಚಿತು. ಹೆಂಡತಿ ಅವನ ಕೈಯಿಂದ ಚೀಲ ಕಿತ್ತುಕೊಂಡು ಮಂಚದಡಿಗೆ ತಳ್ಳಿದಳು. "ಕರೀರಿ ಸಿಸ್ಟರ್. ಅವರು ನೋಡೋ ತನಕ ನಾವು ಅಲ್ಲಾಡಲ್ಲ."

ಸಿಸ್ಟರ್ ಫೋನೆತ್ತಿದಳು. ನಾಳೆ ಬಂದು ನೋಡುತ್ತೇವೆ ಎಂದಿತು ಆ ಕಡೆಯ ದನಿ.

"ಎದೆನೋವು ಅಂತ ಬಂದವರಿಗೆ ನಾಳೆ ಬನ್ನಿ ಅಂತೀವಾ ನಾವು? ಇದಕ್ಕೆ ಮಾತ್ರ ಯಾಕೆ ನಾಳೆ? ಈಗಲೇ ಬನ್ನಿ."

ಫೋನಿಟ್ಟವಳು ಕುರ್ಚಿ ಎಳೆದುಕೊಂಡು, ಅವರು ಬರುವ ತನಕ ಟೈಲರನ ಪಕ್ಕದಲ್ಲೇ ಕೂತಳು.