ಐದು ತಿಂಗಳ ಅಂತರ

ಬೇರೆಯವರ ಜನ್ಮದಿನಾಂಕದಲ್ಲಿ ತಪ್ಪು ಹುಡುಕುವುದೇ ಗೋಪಿನಾಥರ ಹೊಟ್ಟೆಪಾಡು. ದಾವಣಗೆರೆಯಿಂದ ದೆಹಲಿಗೆ ಬಂದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ನೌಕರರ ಸೇವಾಪುಸ್ತಕ ನೋಡಿಕೊಂಡವರು. ನಿವೃತ್ತಿ ಹತ್ತಿರ ಬಂದಾಗ ಕೆಲವರಿಗೆ ತಾವು ಎರಡು ವರ್ಷ ತಡವಾಗಿ ಹುಟ್ಟಿದವರು ಎಂದು ದಿಢೀರನೆ ಜ್ಞಾಪಕಕ್ಕೆ ಬರುತ್ತದಲ್ಲ, ಅಂಥವರ ಅರ್ಜಿ ಇವರ ಮೇಜು ದಾಟಿದ್ದಿಲ್ಲ. ಮಗಳ ಮದುವೆ ಬಾಕಿಯಿದೆ ಎಂದು ಮುದಿ ಜವಾನನೊಬ್ಬ ಕೈಮುಗಿದು ನಿಂತಾಗಲೂ, ಮನುಷ್ಯ ಹುಟ್ಟುವುದು ಒಂದೇ ಸಲ ಎಂದು ಹೇಳಿ ಕಳಿಸಿದ ಪುಣ್ಯಾತ್ಮ ಇವರು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಇವರು ಬಿದ್ದದ್ದು ದೊಡ್ಡ ಮಗಳು ಸ್ಫೂರ್ತಿಯ ವಿಷಯದಲ್ಲಿ. ಹದಿಮೂರಕ್ಕೇ ಆ ಹುಡುಗಿ ಬ್ಯಾಟು ಹಿಡಿದು ನಿಂತರೆ ನೋಯ್ಡಾದ ಗಂಡುಹುಡುಗರು ಬೌಲಿಂಗ್ ಮಾಡಲು ನಾನೊಲ್ಲೆ ನೀನೊಲ್ಲೆ ಎನ್ನುತ್ತಿದ್ದರು. ಇವಳು ಎರಡು ವರ್ಷ ಚಿಕ್ಕವಳಾಗಿದ್ದರೆ ಕಿರಿಯರ ತಂಡಗಳಲ್ಲಿ ಎದುರೇ ಇರುತ್ತಿರಲಿಲ್ಲ, ಕಾಗದ ಮಾಡಿಕೊಡುವವರು ಇದ್ದಾರೆ, ಎಲ್ಲರೂ ಮಾಡಿಸುತ್ತಾರೆ ಎಂದು ತರಬೇತುದಾರ ಕಿವಿಯಲ್ಲಿ ಊದಿದ. ಬೇಡ ಎಂದವಳು ಹೆಂಡತಿ ಅಹಲ್ಯಾ ಒಬ್ಬಳೇ. ಹೆಂಡತಿಯ ಮಾತು ಕೇಳುವ ಅಭ್ಯಾಸ ಗೋಪಿನಾಥರಿಗೆ ಎಲ್ಲಿತ್ತು? ಜನನ ಪತ್ರದಲ್ಲಿ 2004ರ ಜೂನ್ ಹೋಗಿ 2006ರ ಜೂನ್ ಆಯಿತು. ಸ್ಫೂರ್ತಿ ಕಣ್ಣರಳಿಸಿ ಕೇಳಿದಾಗ, ನೀನು ಆಟ ಆಡು, ಉಳಿದದ್ದನ್ನು ಅಪ್ಪ ನೋಡಿಕೊಳ್ಳುತ್ತಾನೆ ಎಂದರು.

ಸೇವಾಪುಸ್ತಕದ ಮಹಾಪಂಡಿತರು ಒಂದೇ ಒಂದು ಮಾತು ಮರೆತರು. ಎರಡನೆಯ ಮಗಳು ಪ್ರಕೃತಿ ಹುಟ್ಟಿದ್ದು 2006ರ ನವೆಂಬರಿನಲ್ಲಿ. ಕಾಗದದ ಪ್ರಕಾರ ಅಕ್ಕತಂಗಿಯರ ನಡುವೆ ಐದೇ ತಿಂಗಳು! ಕಚೇರಿಯಲ್ಲಿ ಇಂಥದ್ದು ಕಂಡಿದ್ದರೆ ಕೆಂಪು ಶಾಯಿಯಲ್ಲಿ ಗೀರು ಎಳೆದು ನಾಲ್ಕು ಜನರಿಗೆ ತೋರಿಸಿ ನಗುತ್ತಿದ್ದರು.

ವರ್ಷಗಳು ಕಳೆದವು, ಯಾರಿಗೂ ಗೊತ್ತಾಗಲಿಲ್ಲ. ಸ್ಫೂರ್ತಿ ಹತ್ತೊಂಬತ್ತರೊಳಗಿನವರ ತಂಡದಲ್ಲಿ ರನ್ನು ಸುರಿದಳು. ಆಮೇಲೆ, ಕಾಗದದ ಹದಿನೆಂಟಕ್ಕೆ, ಭಾರತದ ಟೋಪಿ ತೊಟ್ಟಳು. ಮೊದಲ ಪಂದ್ಯದಲ್ಲೇ ಅರ್ಧಶತಕ. ಅಪಾರ್ಟ್‌ಮೆಂಟಿನ ಗೇಟಿಗೆ ಬ್ಯಾನರು ಬಿತ್ತು, ಟೀವಿಯವರು ಬಂದರು. ಇಷ್ಟು ಚಿಕ್ಕ ವಯಸ್ಸಿಗೇ ಎಂದು ಜನ ಹೊಗಳಿದಾಗಲೆಲ್ಲ ಗೋಪಿನಾಥರಿಗೆ ಮೈಮೇಲೆ ಹಲ್ಲಿ ಹರಿದಂತಾಗುತ್ತಿತ್ತು. ಈ ಆಟದ ಹಿಂದೆ ಇನ್ನೊಬ್ಬಳಿದ್ದಾಳೆ ಎಂದು ಯಾರೂ ಬರೆಯಲಿಲ್ಲ. ಏಳು ವರ್ಷ, ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಪಾರ್ಕಿನಲ್ಲಿ ಅಕ್ಕನಿಗೆ ಚೆಂಡು ಎಸೆದವಳು ಪ್ರಕೃತಿ. ಎಸೆದೂ ಎಸೆದೂ ಅವಳ ಬಲಭುಜ ಹಿಡಿದುಕೊಂಡಿತ್ತು, ತಲೆ ಬಾಚಿಕೊಳ್ಳಲೂ ಅಮ್ಮ ಬೇಕಾಗುತ್ತಿತ್ತು.

ಸ್ಫೂರ್ತಿಯ ವಯಸ್ಸು ಸುಳ್ಳೆಂದು ಯಾರೋ ಕ್ರಿಕೆಟ್ ಮಂಡಳಿಗೆ ಹೆಸರಿಲ್ಲದ ಪತ್ರ ಬರೆದರು. ಸ್ಫೂರ್ತಿ ಬೆಂಗಳೂರಿನ ಶಿಬಿರದಲ್ಲಿದ್ದಾಗ ಕಿಶನ್ ಎಂಬ ಅಧಿಕಾರಿ ಮನೆಗೇ ವಿಚಾರಣೆಗೆ ಬಂದರು. ಸಂಭಾವಿತ ಮನುಷ್ಯ. ಚಹಾ ಕುಡಿದು, ಜನನ ಪತ್ರ ತಿರುವಿ ನೋಡಿ, ಏನೂ ಕಾಣದೆ ಏಳಲಿದ್ದರು. ಅಹಲ್ಯಾ ತರಕಾರಿಗೆ ಹೋಗಿದ್ದಳು. ಅಷ್ಟರಲ್ಲಿ ಪ್ರಕೃತಿ ಶಾಲೆಯಿಂದ ಬಂದಳು, ಕೊರಳಲ್ಲಿ ಗುರುತಿನ ಚೀಟಿ. ಬೇಟಿ, ಯಾವ ಕ್ಲಾಸು ಎಂದು ಮಾತಾಡಿಸುತ್ತ ಕಿಶನ್ ಆ ಚೀಟಿಯಲ್ಲಿದ್ದ ಜನ್ಮದಿನಾಂಕವನ್ನು ಓದಿದರು. ಓದಿ, ಮತ್ತೆ ಕುಳಿತರು. ಇಬ್ಬರು ಮಕ್ಕಳ ನಡುವೆ ಐದು ತಿಂಗಳು ಹೇಗೆ ಸಾಬ್ ಎಂದು ಮೆಲ್ಲಗೆ ಕೇಳಿದರು.

ಟೋಪಿ, ಬ್ಯಾನರು, ಮಗಳ ಜೀವಮಾನದ ಆಟ, ಎಲ್ಲ ಗೋಪಿನಾಥರ ಕಣ್ಣ ಮುಂದೆ ಬಂದವು. ಬಾಯಿಗೆ ಬಂದದ್ದನ್ನು ಆಡಿಬಿಟ್ಟರು.

"ಚಿಕ್ಕವಳು ನಮ್ಮವಳಲ್ಲ. ದತ್ತು ತೆಗೆದುಕೊಂಡದ್ದು."

ಹಿಂದಿಯಲ್ಲೇ ಹೇಳಿದರು. ಕನ್ನಡದಲ್ಲಿ ತಡವರಿಸುವ ಹುಡುಗಿಗೆ ಹಿಂದಿಯ ಒಂದಕ್ಷರವೂ ತಪ್ಪಲಿಲ್ಲ. ಮಗುವಿನ ಎದುರಿಗೇ ಇದನ್ನು ಕೇಳಬಾರದಿತ್ತು ಎಂದು ಕಿಶನ್ ತಲೆ ತಗ್ಗಿಸಿದರು. ಆಗ ಪ್ರಕೃತಿ ಖಾಲಿ ಲೋಟ ಎತ್ತಿಕೊಂಡು, ತಣ್ಣಗೆ, "ಜೀ ಅಂಕಲ್, ನನಗೆ ಚಿಕ್ಕಂದಿನಿಂದ ಗೊತ್ತು" ಎಂದು ಹಿಂದಿಯಲ್ಲೇ ಹೇಳಿ ಒಳಗೆ ಹೋದಳು. ಅಕ್ಕನಿಗಾಗಿ ಭುಜ ಕೊಟ್ಟಿದ್ದವಳು ಈಗ ಹುಟ್ಟನ್ನೂ ಕೊಟ್ಟಳು. ಗೋಪಿನಾಥರಿಗೆ ಕೂತಲ್ಲೇ ಸತ್ತುಹೋಗಬಾರದೇ ಅನ್ನಿಸಿತು. ನಾಚಿಕೆಯಿಂದ ಮನುಷ್ಯ ಸಾಯುವುದಿಲ್ಲ, ಅದೇ ದುರದೃಷ್ಟ. ದತ್ತಿನ ಕಾಗದವನ್ನು ಒಂದು ವಾರದಲ್ಲಿ ತಲುಪಿಸಿ ಎಂದು ಹೇಳಿ ಕಿಶನ್ ಹೊರಟರು.

ಹುಡುಗಿ ಅಮ್ಮನಿಗೆ ಏನೂ ಹೇಳಲಿಲ್ಲ. ಎರಡು ದಿನ ತಡೆದು ಗೋಪಿನಾಥರೇ ಹೇಳಿದರು. ಅಹಲ್ಯಾ ಕೂಗಾಡುತ್ತಾಳೆ ಎಂದುಕೊಂಡಿದ್ದರು. ಅವಳು ಗ್ಯಾಸ್ ಆರಿಸಿ, ಗೋಡೆ ನೋಡುತ್ತ ನಿಂತಳು.

"ಅವಳನ್ನ ಹೆರೋವಾಗ ನಾನು ಸತ್ತು ಬದುಕಿದೆ, ನೀವು ಹೊರಗೆ ಕೂತಿದ್ರಿ. ಒಂದು ಮಾತಲ್ಲಿ ಅಳಿಸಿಬಿಟ್ರಲ್ಲ."

ಎರಡನೆಯ ಸುಳ್ಳು ಕಾಗದ ಮಾಡಿಸಲು ಗೋಪಿನಾಥರ ಕಾಲು ಏಳಲಿಲ್ಲ. ಬಿಳಿ ಹಾಳೆ ತೆಗೆದು, ಸರ್ಕಾರಿ ಒಕ್ಕಣೆಯಲ್ಲಿ, ತಪ್ಪು ತಮ್ಮದೆಂದು ಮಂಡಳಿಗೆ ಬರೆದರು. ನಾನೂ ಏಳು ವರ್ಷ ಅದೇ ಸುಳ್ಳನ್ನು ಹೇಳಿಕೊಂಡು ಬಂದೆ ಅಪ್ಪ ಎಂದು ಶಿಬಿರದಿಂದ ಮರಳಿದ ಸ್ಫೂರ್ತಿಯೂ ಅದರ ಕೆಳಗೆ ಸಹಿ ಹಾಕಿದಳು. ಎರಡು ವರ್ಷ ಆಡುವಂತಿಲ್ಲ ಎಂದು ಮಂಡಳಿ ಆದೇಶ ಕೊಟ್ಟಿತು. ಅಪ್ಪ ಕದ್ದದ್ದೂ ಎರಡೇ ವರ್ಷ. ಗೇಟಿನ ಬ್ಯಾನರನ್ನು ಸೊಸೈಟಿಯವರು ಸದ್ದಿಲ್ಲದೆ ಬಿಚ್ಚಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಗೋಪಿನಾಥರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತತೊಡಗಿದರು, ಆರನೆಯ ಮಹಡಿಗೆ.

ಹೋದ ಮಾನ ಹೋಗಲಿ, ಮಗಳಾದರೂ ಸಿಕ್ಕಳಲ್ಲ ಎಂದುಕೊಂಡಿದ್ದರು. ಪ್ರಕೃತಿ ಎಂದಿನಂತೆ ಉಣ್ಣುತ್ತಿದ್ದಳು, ಅಪ್ಪ ಎಂದೇ ಕರೆಯುತ್ತಿದ್ದಳು. ಜೂನಿನಲ್ಲಿ ಕಾಲೇಜು ಸೇರಲು ಮೂಲ ಜನನ ಪತ್ರ ಬೇಕು ಎಂದಳು. ಗೋಪಿನಾಥರು ಬೀರುವಿನಿಂದ ಲಗುಬಗೆಯಿಂದ ತೆಗೆದುಕೊಟ್ಟರು. ತಂದೆ ಗೋಪಿನಾಥ, ತಾಯಿ ಅಹಲ್ಯಾ, ಆಸ್ಪತ್ರೆಯ ಹೆಸರು, ಮೊಹರು, ಎಲ್ಲ ಸರಿಯಾಗಿತ್ತು. ಹುಡುಗಿ ಸೋಫಾದಲ್ಲಿ ಕೂತು ಎರಡು ಸಲ ಓದಿದಳು. ಬೆರಳಿನಿಂದ ಮೊಹರನ್ನು ಉಜ್ಜಿ ನೋಡಿದಳು. ಆಮೇಲೆ ತಲೆಯೆತ್ತಿದಳು. ಕೊಂಕಿಲ್ಲ, ಕೋಪವಿಲ್ಲ, ನಿಜಕ್ಕೂ ಗೊತ್ತಾಗಬೇಕೆಂದು ಕೇಳಿದಳು.

"ಅಪ್ಪಾ, ಇದು ಅಸ್ಲಿ ತಾನೇ? ಇದನ್ನೂ ನೀವೇ ಮಾಡಿಸಿದ್ದಲ್ಲ ತಾನೇ?"

ಗೋಪಿನಾಥರ ಬಾಯಿಯಲ್ಲಿ ನಿಜವೇ ಇತ್ತು. ಆದರೆ ಆ ಬಾಯಿಂದ ಬಂದರೆ ಅದನ್ನು ನಂಬುವವರು ಯಾರು?

"ಅಮ್ಮನ್ನ ಕೇಳಮ್ಮ" ಎಂದರು.

ಪ್ರಕೃತಿ ಕಾಗದ ಹಿಡಿದುಕೊಂಡು ಎದ್ದು, ಅಮ್ಮನನ್ನು ಕೇಳಲು ಅಡುಗೆಮನೆಗೆ ಹೋದಳು.