ಗುಡಿಸು ಬಿಟ್ಟ ಲಾಳಿ

ನಮ್ಮ ಚಳ್ಳಕೆರೆಯ ಮನೆಯಲ್ಲಿ ‘ಉದ್ಧಾರ’ ಎನ್ನುವುದು ಬೈಗುಳದ ಮಾತು. ಹಾಲು ಉಕ್ಕಿಸಿದರೆ, ಎತ್ತಿಗೆ ನೀರು ಕುಡಿಸುವುದು ಮರೆತರೆ, ಅವ್ವ ಸೊಂಟದ ಮೇಲೆ ಕೈಯಿಟ್ಟು “ನೀನು ಉದ್ಧಾರ ಆದಂಗೇ ಐತೆ” ಅನ್ನುತ್ತಿದ್ದಳು. ಮುಂದೆ ನಾನು ಮೊಳಕಾಲ್ಮೂರಿನಲ್ಲಿ ಮೇಷ್ಟ್ರಾಗಿದ್ದಾಗ, ಅಮಲ್ದಾರರು ನೇಕಾರರ ಬೀದಿಯಲ್ಲಿ ‘ಉದ್ಧಾರ ಮಂದಿರ’ ತೆರೆಯುತ್ತೇವೆ ಎಂದ ದಿನವೇ ನಾನು ಎಚ್ಚರವಾಗಬೇಕಿತ್ತು. ಎಚ್ಚರವಾಗಲಿಲ್ಲ. ಅದರ ಕಾರ್ಯದರ್ಶಿಯಾದೆ.

ನಮ್ಮದು ಗಾಡಿ ಹೊಡೆಯುವ ಮನೆ. ಅಪ್ಪ, ಅಣ್ಣಂದಿರು ಚಳ್ಳಕೆರೆಯಿಂದ ಕಂಬಳಿ, ಎಣ್ಣೆಕಾಳು ಹೇರಿಕೊಂಡು ಬಳ್ಳಾರಿ, ರಾಯದುರ್ಗದ ದಾರಿ ಸವೆಸಿದವರು. ನಾನು ಗಾಡಿಗೆ ನಾಲಾಯಕ್ಕು ಎಂದು ಎತ್ತುಗಳಿಗೇ ಮೊದಲು ಗೊತ್ತಾಯಿತು, ಆಮೇಲೆ ಅಪ್ಪನಿಗೆ. ಹಾಗಾಗಿ ಓದಿಸಿದರು. ನಾನು ಓದಿದ್ದು ಎಷ್ಟೋ, ಅದರ ಜಂಬ ಮಾತ್ರ ಗಾಡಿ ತುಂಬ ಇತ್ತು. ಕಾಗುಣಿತದಲ್ಲಿ ನನ್ನನ್ನು ಮೀರಿಸಿದವರು ಆ ಸೀಮೆಯಲ್ಲಿ ಇಲ್ಲವೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಅದರಲ್ಲೂ ಗುಡಿಸು. ‘ಳ’ ಅಕ್ಷರದ ತಲೆಯ ಮೇಲೆ ಆ ಸಣ್ಣ ಸುರುಳಿ ಕೊಟ್ಟರೆ ‘ಳಿ’ ಆಗುತ್ತದಲ್ಲ, ಅದೇ ಗುಡಿಸು. ಅದನ್ನು ಬಿಟ್ಟ ಹುಡುಗನ ಬೆರಳ ಗೆಣ್ಣಿಗೆ ನನ್ನ ಬೆತ್ತ ಬೀಳದೆ ಬಿಡುತ್ತಿರಲಿಲ್ಲ. ‘ಗುಡಿಸು ಬಿಟ್ಟವನು ಮುಂದೆ ಬೀದಿ ಗುಡಿಸುತ್ತಾನೆ’ ಎಂಬುದು ನಾನೇ ಕಟ್ಟಿದ ಗಾದೆ. ಅದನ್ನು ದಿನಕ್ಕೊಂದು ಸಲವಾದರೂ ಹೇಳದಿದ್ದರೆ ನನಗೆ ಉಂಡ ಅನ್ನ ಜೀರ್ಣವಾಗುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನ ಹುಟ್ಟಿ ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ ಅದು. ಪ್ರಜೆಗಳನ್ನು ಮುಂದಕ್ಕೆ ತರಬೇಕೆಂಬ ಹುಮ್ಮಸ್ಸು ಸರ್ಕಾರಕ್ಕೆ ಆಗಷ್ಟೇ ಬಂದಿತ್ತು. ನೇಕಾರರ ಬೀದಿಯಲ್ಲಿ ಅರ್ಧ ಮಗ್ಗಗಳು ನಿಂತುಹೋಗಿದ್ದವು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗಳಲ್ಲಿ ಕೆಲವರು ಮೇಕೆಮರಿ ಕೂಡಿಹಾಕುತ್ತಿದ್ದರು. ಆ ಬೀದಿಯ ಹಳೇ ಚಾವಡಿಯನ್ನೇ ಮಂದಿರ ಮಾಡುವುದು, ಬೀದಿಯ ಸಣ್ಣಪುಟ್ಟ ಕಸುಬಿನವರಿಗೆ ಏನು ಬೇಕೋ ಕೇಳಿ ಸರ್ಕಾರದಿಂದ ತರಿಸಿಕೊಡುವುದು ಎಂದು ಅಮಲ್ದಾರರು ಅಪ್ಪಣೆ ಮಾಡಿದರು. ಅಧ್ಯಕ್ಷರಾಗಿ ಎಣ್ಣೆಕಾಳಿನ ಸಾಹುಕಾರರು ಬಂದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಭಾಷಣ ಇದ್ದವರು. ಅವರ ಮೊದಲ ಕೆಲಸ ಚಾವಡಿಗೆ ಸುಣ್ಣ ಬಳಿಸಿದ್ದು. ಎರಡನೆಯದು ಮೂರು ಕುರ್ಚಿ ತರಿಸಿದ್ದು. ಅವುಗಳ ಮೇಲೆ ಬೀದಿಯವರು ಯಾರೂ ಕೂರಲಿಲ್ಲ, ಕೂರಿ ಎಂದು ನಾವೂ ಹೇಳಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೀದಿಯ ಅಜ್ಜಿಯೊಬ್ಬಳು ನನಗೆ ಕೇಳಿಸುವ ಹಾಗೇ ಅಂದಳು. ಅವಳಿಗೆ ಅಭಿವೃದ್ಧಿ ತಿಳಿಯದು ಎಂದು ನಾನು ಮನಸ್ಸಿನಲ್ಲೇ ಕ್ಷಮಿಸಿದೆ.

ಆಮೇಲೆ ಸಭೆ ಕರೆದೆವು. ಬೀದಿಯ ತುದಿಮನೆಯ ಯಜಮಾನರು ಹಿಂದಿನ ಸಾಲಿನಲ್ಲಿ, ಕಂಬಕ್ಕೊರಗಿ ನಿಂತಿದ್ದರು. ಐವತ್ತರ ಆಸುಪಾಸಿನ ರೇಷ್ಮೆ ನೇಕಾರರು. ಹುಣಸೆಮರದಿಂದ ಬಿದ್ದು ಅವರ ಬಲಭುಜ ಕೆಟ್ಟಿತ್ತು. ಹೊಕ್ಕಿನ ನೂಲು ಹೊತ್ತು ಹಾಸಿನ ನಡುವೆ ಈ ಕಡೆಯಿಂದ ಆ ಕಡೆಗೆ ಓಡುತ್ತದಲ್ಲ, ದೋಣಿಯಾಕಾರದ ಆ ಲಾಳಿಯನ್ನು ಎಸೆಯಲು ಆ ಕೈ ಏಳುತ್ತಿರಲಿಲ್ಲ. ನೂಲನ್ನು ಬಡಿದು ಕೂರಿಸುವ ಹಲಗೆಯನ್ನು ಹಿಂದೆ ಮುಂದೆ ಆಡಿಸುವಷ್ಟು ಶಕ್ತಿ ಮಾತ್ರ ಉಳಿದಿತ್ತು. ದುರ್ಗದಲ್ಲಿ ಯಾವುದೋ ಪ್ರದರ್ಶನಕ್ಕೆ ಹೋದಾಗ ಅವರು ಹೊಸ ಬಗೆಯ ಲಾಳಿಯೊಂದನ್ನು ನೋಡಿ ಬಂದಿದ್ದರು. ಒಂದು ಕೈಯಲ್ಲಿ ಹಗ್ಗ ಜಗ್ಗಿದರೆ ಸಾಕು, ತಾನೇ ಓಡುತ್ತದೆ. ಊರಿನ ಬಡಗಿಯಿಂದ ಅದಕ್ಕೆ ಬೇಕಾದ ಹಲಗೆ, ಪೆಟ್ಟಿಗೆ ಎಲ್ಲ ಮಾಡಿಸಿ ಮಗ್ಗಕ್ಕೆ ಕೂರಿಸಿಯೂ ಆಗಿತ್ತು. ಆದರೆ ಉಕ್ಕಿನ ಮೂತಿ, ಅಡಿಯಲ್ಲಿ ಪುಟ್ಟ ಗಾಲಿ ಇರುವ ಆ ಲಾಳಿ ಮಾತ್ರ ದೊಡ್ಡ ಊರಿನಿಂದಲೇ ಬರಬೇಕು. ಅದು ಬಂದರೆ ಅವರು ನೇಕಾರರು, ಬಾರದಿದ್ದರೆ ಏನೂ ಅಲ್ಲ. ಇದಿಷ್ಟೂ ಬೀದಿಯ ಮಕ್ಕಳುಮರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಕಾರ್ಯದರ್ಶಿ ಒಬ್ಬನೇ.

ನಾನು ಕುರ್ಚಿಯಲ್ಲಿ ಕೂತು, ಲೇಖನಿ ಅದ್ದಿ, “ನಿಮಗೇನು ಬೇಕು ಯಜಮಾನ್ರೆ?” ಎಂದೆ.

ಆ ಬೀದಿಯಲ್ಲಿ ಮನೆಮಾತು ತೆಲುಗು. ಸಂಕೋಚವಾದಾಗ ಅದೇ ಮೊದಲು ಬಾಯಿಗೆ ಬರುತ್ತದೆ. “ನಾಡೆ ಒಂದು ಬೇಕಾಗಿತ್ರೀ,” ಅಂದರು.

ನಾಡೆ ಎಂದರೆ ತೆಲುಗಿನಲ್ಲಿ ಲಾಳಿ. ಅದು ನನಗೆ ತಿಳಿಯದು. ಆದರೆ ರಾಯದುರ್ಗದ ಗಾಡಿಯವರು ನಮ್ಮ ಅಂಗಳದಲ್ಲಿ ಎತ್ತು ಬಿಚ್ಚಿದಾಗ, ಎತ್ತಿನ ಗೊರಸಿಗೆ ಹೊಡೆಯುವ ಲಾಳಕ್ಕೆ ‘ನಾಡಾ’ ಅನ್ನುವುದನ್ನು ಕೇಳುತ್ತಲೇ ಬೆಳೆದವನು ನಾನು. ನನ್ನ ತೆಲುಗಿನ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಆದರೂ ಸರ್ಕಾರದ ಕೆಲಸ, ಖಚಿತ ಮಾಡಿಕೊಳ್ಳಬೇಕಲ್ಲ.

“ನಾಡಾ ಅಂದ್ರೆ ಲಾಳ ಅಲ್ವೇನ್ರೀ?”

“ಹೂಂ ರೀ. ಲಾಳೀನೇ.”

“ಯಾವ ಥರದ್ದು?”

“ಹಗ್ಗ ಜಗ್ಗಿದ್ರೆ ಓಡೋದೈತಲ್ರೀ, ಅದರದು.”

ಅವರ ‘ಲಾಳೀನೇ’ ಆಗಲೇ ನನ್ನ ಕಿವಿಯಲ್ಲಿ ‘ಲಾಳಾನೇ’ ಆಗಿತ್ತು. ಹಗ್ಗ ಜಗ್ಗಿದರೆ ಓಡುವುದು ಎತ್ತಲ್ಲದೆ ಇನ್ನೇನು? ಪಕ್ಕದಲ್ಲಿದ್ದ ನಾಲ್ಕೈದು ನೇಕಾರರು, “ತರ್ಸೋದಾದ್ರೆ ನಮಗೂ ತರ್ಸಿ ಮೇಷ್ಟ್ರೇ” ಅಂದರು. ರೇಷ್ಮೆ ನೇಯುವವರಿಗೆ ಇಷ್ಟೊಂದು ಲಾಳ ಏಕೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಗಾಡಿಮನೆಯಲ್ಲಿ ಹುಟ್ಟಿದವನಿಗೆ ಲೋಕದಲ್ಲಿ ಲಾಳ ಬೇಡದವರು ಯಾರೂ ಕಾಣುವುದಿಲ್ಲ. ‘ಈ ಬೀದಿಯ ಬಡಪ್ರಜೆಗಳಿಗೆ ಉತ್ತಮ ಕಬ್ಬಿಣದ ಲಾಳಗಳನ್ನು ದಯಪಾಲಿಸಬೇಕು’ ಎಂದು ದುಂಡಗೆ ಬರೆದೆ. ಕಬ್ಬಿಣದ ಎಂಬುದು ನಾನೇ ಸೇರಿಸಿದ್ದು, ಸೇವೆಯಲ್ಲಿ ಕೊರತೆಯಾಗಬಾರದೆಂದು. ಸಾಹುಕಾರರು ಓದಿ, ತಲೆಯಾಡಿಸಿ, ರುಜು ಹಾಕಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಮ್ಮ ಮಂದಿರದಲ್ಲಿ ಅದಕ್ಕೆ ಸಮಿತಿಯ ತೀರ್ಮಾನ ಎಂದು ಹೆಸರು.

ಮೂರು ತಿಂಗಳಿಗೆ ಪೆಟ್ಟಿಗೆ ಬಂತು. ಸರ್ಕಾರ ಕೇಳಿದ್ದನ್ನು ಕೊಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೇಳಿದ್ದನ್ನೇ ಕೊಟ್ಟಿತು. ಅಮಲ್ದಾರರು ಬಂದು ಹಾರ ಹಾಕಿಸಿಕೊಂಡು ಮುಚ್ಚಳ ತೆಗೆಸಿದರು. ತುದಿಮನೆ ಯಜಮಾನರು ಆ ದಿನ ಮಡಿಪಂಚೆ ಉಟ್ಟು, ಹೆಂಡತಿಯನ್ನೂ ಕರೆದುಕೊಂಡು, ಎಲ್ಲರಿಗಿಂತ ಮುಂದೆ ನಿಂತಿದ್ದರು. ಪೆಟ್ಟಿಗೆಯ ತುಂಬ ಹುಲ್ಲು, ಹುಲ್ಲಿನ ನಡುವೆ ಸಾಲುಸಾಲಾಗಿ ಎತ್ತಿನ ಲಾಳ, ಜೊತೆಗೆ ಮೊಳೆಯ ಪೊಟ್ಟಣ. ಯಜಮಾನರು ಒಂದು ಲಾಳ ಎತ್ತಿಕೊಂಡು ತಿರುಗಿಸಿ ನೋಡಿದರು.

“ಮೇಷ್ಟ್ರೇ, ಇದು ಎಲ್ಲಿ ಓಡ್ತದೆ?” ಅಂದರು. ಕೊಂಕಿನಿಂದ ಕೇಳಲಿಲ್ಲ. ಹೊಸ ಬಗೆಯ ಲಾಳಿ ಹೀಗೂ ಇರಬಹುದೇನೋ ಎಂದು ನಿಜವಾಗಿಯೂ ಕೇಳಿದರು.

ಆಗ ನನಗೆ ಹೊಳೆಯಿತು. ಲಾಳ, ಲಾಳಿ. ಒಂದು ಗುಡಿಸು. ಅಷ್ಟರಲ್ಲಿ ಸಾಹುಕಾರರು ಎದ್ದು ನಿಂತರು. “ಸೀರೆ ಪೇಟೆಗೆ ಹೋಗೋದು ಯಾವುದರ ಮೇಲೆ? ಗಾಡಿ ಮೇಲೆ. ಗಾಡಿ ಎಳೆಯೋದು ಯಾವುದು? ಎತ್ತು. ಎತ್ತಿನ ಕಾಲು ಗಟ್ಟಿ ಇದ್ರೆ ನೇಕಾರನ ಕೈ ಗಟ್ಟಿ,” ಎಂದರು. ಅಮಲ್ದಾರರು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ನಾವೂ ತಟ್ಟಿದೆವು. ನಾನು ಸ್ವಲ್ಪ ಜೋರಾಗಿಯೇ ತಟ್ಟಿದೆ.

ಆ ಸಂಜೆ ಯಜಮಾನರ ಮನೆಗೆ ಹೋಗಿ ಮಗ್ಗ ನೋಡಿದೆ. ಹೊಸ ಹಲಗೆ, ತೂಗುಬಿಟ್ಟ ಹಗ್ಗ, ಕೆಂಪು ರೇಷ್ಮೆಯ ಹಾಸು ಎಲ್ಲ ಇದ್ದವು. ಓಡಬೇಕಾದದ್ದು ಒಂದಿರಲಿಲ್ಲ. ಅವರ ಹೆಂಡತಿ ಆ ಹಾಸಿನ ಮೇಲೆ ಧೂಳು ಕೂರದಂತೆ ಹಳೇ ಸೀರೆ ಹೊದಿಸುತ್ತಿದ್ದರು. ನಾನು ಸಾಹುಕಾರರ ಹತ್ತಿರ ಓಡಿ, ತಪ್ಪಾಗಿದೆ, ಇನ್ನೊಂದು ಅರ್ಜಿ ಬರೆಯೋಣ ಎಂದೆ.

“ಏನಂತ ಬರೀತೀರಿ? ಮೇಷ್ಟ್ರಿಗೆ ಕಾಗುಣಿತ ಬರಲ್ಲ ಅಂತಲಾ?” ಅಂದರು. “ಸುಮ್ನಿರ್ರಿ. ಸಾಹೇಬ್ರು ಖುಷಿಯಾಗಿ ಹೋಗವ್ರೆ.”

ನಾನು ಸುಮ್ಮನಿದ್ದೆ. ಬೇರೆಯವರ ಮಕ್ಕಳ ಗೆಣ್ಣು ಕೆಂಪಾಗುವಾಗ ಇದ್ದ ಧೈರ್ಯ ನನ್ನ ಹೆಸರು ಕೆಂಪಾಗುವ ಹೊತ್ತಿಗೆ ಎಲ್ಲಿ ಹೋಯಿತೋ. ಅಷ್ಟೇ ಆಗಿದ್ದರೆ ಹೇಡಿ ಎಂದು ಕರೆಸಿಕೊಂಡು ಮುಗಿಸಬಹುದಿತ್ತು. ಯಜಮಾನರು ಕೇಳಿದಾಗ, “ಬರೆದಿದೀನಿ, ಬರ್ತದೆ” ಎಂದು ಸುಳ್ಳನ್ನೂ ಹೇಳಿದೆ. ಶಾಲೆ ಬಿಡುವ ಹೊತ್ತಿಗೆ ಅವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. “ಬಂತೇನ್ರೀ?” “ದಾರೀಲೈತೆ ಯಜಮಾನ್ರೆ.” “ಆಗ್ಲಿ ಬಿಡ್ರಿ, ದೂರದ ದಾರಿ.” ನನ್ನ ಪರವಾಗಿ ಅವರೇ ಕಾರಣ ಹುಡುಕಿಕೊಡುತ್ತಿದ್ದರು.

ಈ ನಡುವೆ ಬೀದಿ ಉದ್ಧಾರವಾಗತೊಡಗಿತು. ವ್ಯಂಗ್ಯವಲ್ಲ, ನಿಜವಾಗಿಯೇ ಆಯಿತು. ಮಂದಿರದಲ್ಲಿ ಲಾಳದ ರಾಶಿ ಇದೆ ಎಂದು ತಿಳಿದು, ಲಾಳ ಕಟ್ಟುವ ಸಾಬರೊಬ್ಬರು ಬಂದು ಜಗಲಿಯ ಕೆಳಗೆ ಕೂತರು. ಒಂದು ಲಾಳ ಬೆರಳಲ್ಲಿ ಬಾರಿಸಿ ನೋಡಿ, “ವಾಹ್, ಅಸಲಿ ಮಾಲ್” ಎಂದರು. ದೇವಸಮುದ್ರದ ಗಾಡಿಗಳು ಬಂದವು, ಕೊಂಡ್ಲಹಳ್ಳಿಯವು ಬಂದವು. ಎತ್ತು ಕೆಡವಿ ಲಾಳ ಹೊಡೆಯುವಷ್ಟು ಹೊತ್ತು ಗಾಡಿಯವರು ಸುಮ್ಮನೆ ಕೂರುತ್ತಾರೆಯೇ? ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯವಳು ಬಂದಳು. ಹಗ್ಗದವನು, ಗಾಲಿ ರಿಪೇರಿಯವನು ಬಂದರು. ಮಂದಿರವನ್ನು ಟೀಕಿಸಿದ್ದ ಅಜ್ಜಿಯೂ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕೂತಳು. ಸಾಹುಕಾರರು ಇದನ್ನೆಲ್ಲ ತಾವು ಮೊದಲೇ ಕಂಡಿದ್ದಾಗಿ ವರದಿ ಬರೆಸಿದರು. ಬರೆದವನು ನಾನು. ಅದರಲ್ಲಿ ಒಂದು ಗುಡಿಸೂ ತಪ್ಪಿರಲಿಲ್ಲ.

ವರ್ಷ ತುಂಬುತ್ತ ಬಂದಿದ್ದಾಗ ಒಂದು ದಿನ ಶಾಲೆಗೆ ಹೋಗುವಾಗ ನೋಡಿದೆ. ಸಾಬರ ಜೊತೆ ಹಗ್ಗ ಜಗ್ಗಿ ಕೆಡವಿದ ಎತ್ತಿನ ಕೊಂಬು ಹಿಡಿದು, ಮೊಣಕಾಲೂರಿ, ಎಡಗೈಯಲ್ಲಿ ಅದರ ಕತ್ತನ್ನು ನೆಲಕ್ಕೆ ಅದುಮಿ ಕೂತಿದ್ದವರು ತುದಿಮನೆ ಯಜಮಾನರು. ಪಂಚೆ ತುಂಬ ಸಗಣಿ. ನನ್ನನ್ನು ಕಂಡು ನಕ್ಕರು. “ಸುಮ್ನೆ ಕೂತು ಏನ್ ಮಾಡ್ಲಿ ಮೇಷ್ಟ್ರೇ. ಹಗ್ಗ ಜಗ್ಗಿದ್ರೆ ಓಡೋದು ಬರ್ತದೆ ಅಂದಿದ್ರಿ, ಇದೂ ಹಗ್ಗ ಜಗ್ಗೋದೇ,” ಅಂದರು.

ಆ ದಿನ ಪಾಠ ಮಾಡಲಾಗಲಿಲ್ಲ. ಮಧ್ಯಾಹ್ನವೇ ಕೂತು, ಸಾಹುಕಾರರಿಗೆ ಹೇಳದೆ, ನನ್ನ ಹೆಸರಿನಲ್ಲೇ ಬರೆದೆ. ತಪ್ಪು ನನ್ನದು, ಕೇಳಿದ್ದು ಲಾಳಿ, ನಾನು ಬರೆದದ್ದು ಲಾಳ, ಶಿಕ್ಷೆ ಏನಾದರೂ ಆಗಲಿ, ಲಾಳಿ ಮಾತ್ರ ಕಳಿಸಿಕೊಡಿ ಎಂದು. ಇಪ್ಪತ್ತು ದಿನಕ್ಕೆ ಬಟ್ಟೆ ಸುತ್ತಿದ ಪುಟ್ಟ ಪೊಟ್ಟಣ ಬಂತು. ಒಳಗೆ ಲಾಳಿ ಇತ್ತು. ಶಿಕ್ಷೆ ಇರಲಿಲ್ಲ, ಬೈಗುಳವೂ ಇರಲಿಲ್ಲ. ಯಾವುದಕ್ಕೆ ಹೆದರಿ ನಾನು ಒಂದು ವರ್ಷ ಸುಳ್ಳು ಹೇಳಿದ್ದೆನೋ ಆ ನನ್ನ ಕಾಗುಣಿತದ ಬಗ್ಗೆ ಸರ್ಕಾರಕ್ಕೆ ಯೋಚನೆಯೇ ಇರಲಿಲ್ಲ.

ಪೊಟ್ಟಣ ಹಿಡಿದು ತುದಿಮನೆಗೆ ಓಡಿದೆ. ಮಗ್ಗ ಇದ್ದ ಜಾಗದಲ್ಲಿ ಯಜಮಾನರ ಹೆಂಡತಿ ಮೆಣಸಿನಕಾಯಿ ಹರವಿದ್ದರು. ಕುಣಿ ಮುಚ್ಚಿ ಸಗಣಿ ಸಾರಿಸಿದ್ದ ನೆಲ ಅಷ್ಟಗಲ ಮಾತ್ರ ಬೇರೆ ಬಣ್ಣವಾಗಿತ್ತು. ಹಾಸನ್ನು ಯಜಮಾನರ ತಮ್ಮ ಒಯ್ದು ನೇಯುತ್ತಿದ್ದನಂತೆ. ಮಗ್ಗದ ಗೂಟಗಳು ಎಲ್ಲಿ ಎಂದು ನಾನು ಕೇಳಲಿಲ್ಲ. ಬರುವಾಗಲೇ ಕಂಡಿದ್ದೆ, ಮಂದಿರದ ಮುಂದೆ ಅವಕ್ಕೆ ಎತ್ತು ಕಟ್ಟಿದ್ದರು.

“ಕುಣಿ ಹಂಗೇ ಬಿಟ್ರೆ ಮಕ್ಕಳು ಬೀಳ್ತಾವೆ ಅಂತ ಹೋದ ಅಮಾಸೆಗೆ ಮುಚ್ಚಿದ್ವಿ,” ಅಂದರು ಯಜಮಾನರು. ನನಗೆ ಬೇಜಾರಾಗದಿರಲಿ ಎಂಬಂತೆ ಮೆಲ್ಲಗೆ ಹೇಳಿದರು. ಆಮೇಲೆ ಲಾಳಿ ತೆಗೆದುಕೊಂಡರು. ಅಂಗೈ ಮೇಲಿಟ್ಟು ಒಮ್ಮೆ ತಳ್ಳಿದರು. ಗಾಲಿಗಳು ತಿರುಗಿದವು. ಇನ್ನೊಮ್ಮೆ ತಳ್ಳಿದರು.

“ಚೆನ್ನಾಗೈತೆ,” ಎಂದು ನನ್ನ ಕೈಗೇ ವಾಪಸ್ಸು ಕೊಟ್ಟರು. “ನೀವೇ ಇಟ್ಕೊಳ್ರಿ ಮೇಷ್ಟ್ರೇ. ಹುಡುಗ್ರಿಗೆ ತೋರ್ಸಾಕೆ ಬರ್ತದೆ.”

ಹೊರಗಿನಿಂದ ಸಾಬರು ಕೂಗಿದರು. ಎತ್ತು ಬಂದಿತ್ತು. ಯಜಮಾನರು ಟವಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಒಂದು ಗುಡಿಸು ಬಿಟ್ಟು ಒಂದು ಮನೆಯ ಕಸುಬನ್ನು ಗುಡಿಸಿ ಗುಂಡಾಂತರ ಮಾಡಿದವನು ನಾನು. ಬೀದಿ ಉದ್ಧಾರವಾಯಿತು ಎಂಬುದೂ ಸುಳ್ಳಲ್ಲ. ಎರಡೂ ನನ್ನ ಒಂದೇ ಕೈಬರಹದಿಂದ ಆದವು. ಲಾಳಿಯನ್ನು ಶಾಲೆಯ ಗೂಡಿನಲ್ಲಿಟ್ಟೆ. ಮರುದಿನ ಒಬ್ಬ ಹುಡುಗ ಹಲಗೆಯ ಮೇಲೆ ಗುಡಿಸು ಬಿಟ್ಟು ಬರೆದು, ಅಭ್ಯಾಸಬಲದಿಂದ ತಾನೇ ಬೆರಳು ಮಡಚಿ ಗೆಣ್ಣು ಮುಂದೆ ಚಾಚಿದ. ನಾನು ಹೊಡೆಯಲಿಲ್ಲ. ಆಮೇಲೆಯೂ ಹೊಡೆಯಲಿಲ್ಲ. ಹೊಡೆಯುವುದೇ ಆದರೆ ಮೊದಲು ಯಾರ ಗೆಣ್ಣು ಚಾಚಬೇಕು ಎಂದು ನನಗೆ ಗೊತ್ತಿತ್ತು.